ರೋಟರಿ ಎಂಜಿನ್ ಗಾಡಿ: ಪ್ಲಗ್ ಮನೆಯಲ್ಲೇ ಬದಲಿಸಬಹುದಾ?

ದಾವಣಗೆರೆ_ಟು_ಡಲ್ಲಾಸ್:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಹಳೇ ಮಾಜ್ದಾ ಆರ್‌ಎಕ್ಸ್-8 ತಗೊಂಡೆ. 2005ರ ಗಾಡಿ, ಆರು ಗೇರಿನದು, 78,000 ಮೈಲಿ ಓಡಿದೆ. ರೋಟರಿ (ಪಿಸ್ಟನ್ ಬದಲು ಮೂರು ಮೂಲೆಯ ಎರಡು ರೋಟರ್ ಸುತ್ತುವ ಎಂಜಿನ್) ಬೇಡ ಅಂತ ನಾಲ್ಕು ಜನ ಹೇಳಿದ್ದರು, ಐದನೆಯವಳು ನನ್ನ ಹೆಂಡತಿ. ಯಾರ ಮಾತೂ ಕೇಳಲಿಲ್ಲ. ಮುಳ್ಳು 9000 ಆರ್‌ಪಿಎಂವರೆಗೆ ಏರುವುದನ್ನು ಒಂದು ಸಲ ನೋಡಿದ ಮೇಲೆ ತಲೆ ಓಡಲಿಲ್ಲ.

ಈಗ ಮಿಸ್ಸಿಂಗ್ ಶುರುವಾಗಿದೆ. ತಣ್ಣಗಿದ್ದಾಗ ಪರವಾಗಿಲ್ಲ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಗಾಡಿ ನಡುಗುತ್ತದೆ, ಹೈವೇ ಹತ್ತುವಾಗ ಪಿಕಪ್ ಇಲ್ಲ, ಜೋರಾಗಿ ತುಳಿದರೆ ಚೆಕ್ ಎಂಜಿನ್ ಲೈಟ್ ಮಿನುಗುತ್ತದೆ. ಕೋಡ್ ಓದಿದರೆ ಪಿ0302. ಹತ್ತಿರದ ಒಂದು ಗ್ಯಾರೇಜ್‌ನವರು ರೋಟರಿ ನಾವು ಮುಟ್ಟೋದೇ ಇಲ್ಲ ಅಂದರು. ಇನ್ನೊಬ್ಬರು ಹೇಳಿದ ಕೂಲಿ ಕೇಳಿ, ಆ ದುಡ್ಡಲ್ಲಿ ಟೂಲ್ಸ್ ತಗೊಂಡು ನಾನೇ ಮಾಡಿಕೊಳ್ಳೋಣ ಅನ್ನಿಸಿತು.

ಅನುಭವ ಅಂದರೆ ಅಪ್ಪನ ಚೇತಕ್ ಸ್ಕೂಟರ್ ಅಷ್ಟೇ. ಪ್ಲಗ್ ಬಿಚ್ಚಿ, ಎಮರಿ ಪೇಪರ್‌ನಲ್ಲಿ ತಿಕ್ಕಿ, ಊದಿ, ಮತ್ತೆ ಹಾಕಿ ಒದೆಯುವುದು. ಇದರಲ್ಲಿ ಬಾನೆಟ್ ತೆಗೆದರೆ ಪ್ಲಗ್ ಎಲ್ಲಿದೆ ಅಂತಲೇ ಕಾಣುತ್ತಿಲ್ಲ. ನಾಲ್ಕು ಪ್ಲಗ್, ಅದರಲ್ಲಿ ಎರಡು ಜಾತಿ ಅಂತ ಓದಿದೆ. ಯಾವುದು ಎಲ್ಲಿಗೆ? ಸ್ಪೆಷಲ್ ಟೂಲ್ ಏನಾದರೂ ಬೇಕಾ? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮೆಲ್ಬರ್ನ್_ಮಲ್ನಾಡ್:

ಖಂಡಿತ ಮಾಡಬಹುದು. ನಾನು ಐದು ವರ್ಷ ಆರ್‌ಎಕ್ಸ್-8 ಇಟ್ಟುಕೊಂಡಿದ್ದೆ, ಈಗ ಮೂರನೇ ತಲೆಮಾರಿನ ಆರ್‌ಎಕ್ಸ್-7 ಇದೆ. ಎರಡರಲ್ಲೂ ಪ್ಲಗ್ ನಾನೇ ಬದಲಿಸಿದ್ದೇನೆ. ಇಲ್ಲಿ ರೋಟರಿ ಹುಚ್ಚರು ಜಾಸ್ತಿ, ಕಲಿಸುವವರೂ ಜಾಸ್ತಿ.

ಪ್ಲಗ್ ಮೇಲಿಂದ ಹುಡುಕಬೇಡಿ. ಎಡಗಡೆ ಮುಂದಿನ ಚಕ್ರ ಬಿಚ್ಚಿ. ನಿಮ್ಮ ದೇಶದಲ್ಲಿ ಡ್ರೈವರ್ ಕಡೆಯದು, ನಮ್ಮಲ್ಲಿ ಪಕ್ಕದವರ ಕಡೆಯದು. ಚಕ್ರ ಇದ್ದ ಜಾಗದಿಂದ ಒಳಗೆ ಟಾರ್ಚ್ ಬಿಟ್ಟರೆ ಎಂಜಿನ್ ಪಕ್ಕೆಯಲ್ಲಿ ನಾಲ್ಕೂ ಕಾಣುತ್ತವೆ, ಮೇಲೆ ಎರಡು, ಕೆಳಗೆ ಎರಡು. ಜಾಕ್ ಮೇಲೆ ಮಾತ್ರ ನಿಲ್ಲಿಸಿ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹೌಸಿಂಗ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಕೊಂಡು ಬರುವ ಅಪಾಯ ಇದೆ.

ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಲೀಡಿಂಗ್‌ಗೆ ಆರ್‌ಇ7ಸಿ-ಎಲ್, ಟ್ರೇಲಿಂಗ್‌ಗೆ ಆರ್‌ಇ9ಬಿ-ಟಿ. ಕೊನೆಯ ಅಕ್ಷರ ನೋಡಿದರೆ ಸಾಕು, ಎಲ್ ಕೆಳಗೆ, ಟಿ ಮೇಲೆ. ಎನ್‌ಜಿಕೆ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ 9 ಶಾಖವನ್ನು ಬೇಗ ಸಾಗಿಸುತ್ತದೆ. ಗ್ಯಾಪ್ ಗೀಪ್ ಅಂತ ಮುಟ್ಟಲು ಹೋಗಬೇಡಿ, ಡಬ್ಬಿಯಿಂದ ತೆಗೆದು ನೇರ ಹಾಕುವುದು. ಚೇತಕ್ ವಿದ್ಯೆ ಇಲ್ಲಿ ಬೇಡ 🙂

ಸ್ಪೆಷಲ್ ಟೂಲ್ ಏನೂ ಇಲ್ಲ. 21 ಎಂಎಂ ಪ್ಲಗ್ ಸಾಕೆಟ್, ಉದ್ದದ ಎಕ್ಸ್‌ಟೆನ್ಶನ್ ಎರಡು, ಒಂದು ಯೂನಿವರ್ಸಲ್ ಜಾಯಿಂಟ್, ಟಾರ್ಕ್ ರೆಂಚ್. ಸಾಕೆಟ್ ಒಳಗೆ ರಬ್ಬರ್ ಇರುವುದಾದರೆ ಅದು ಪ್ಲಗ್‌ನಲ್ಲೇ ಕಚ್ಚಿಕೊಂಡು ಕೂರುತ್ತದೆ, ಎಕ್ಸ್‌ಟೆನ್ಶನ್ ಮಾತ್ರ ಕೈಗೆ ಬರುತ್ತದೆ. ಹಾಗಾಗಿ ಸಾಕೆಟ್‌ಗೂ ಎಕ್ಸ್‌ಟೆನ್ಶನ್‌ಗೂ ಸೇರಿಸಿ ಟೇಪ್ ಸುತ್ತಿಬಿಡಿ. ಹೊಸ ಪ್ಲಗ್ ಹಾಕುವಾಗ ರ‍್ಯಾಚೆಟ್ ಬೇಡ. ಪೆಟ್ರೋಲ್ ಪೈಪಿನ ಒಂದು ಗೇಣು ತುಂಡು ತಗೊಂಡು ಪ್ಲಗ್ ತಲೆಗೆ ಸಿಕ್ಕಿಸಿ, ಬೆರಳಲ್ಲಿ ತಿರುಗಿಸಿ. ಥ್ರೆಡ್ ಸರಿಯಾಗಿ ಕೂತರೆ ಬೆಣ್ಣೆಯಂತೆ ಹೋಗುತ್ತದೆ, ಅಡ್ಡ ಕೂತರೆ ಪೈಪೇ ಜಾರುತ್ತದೆ, ಥ್ರೆಡ್ ಹಾಳಾಗುವುದಿಲ್ಲ. ಆಮೇಲೆ ಟಾರ್ಕ್ 13ರಿಂದ 17 ನ್ಯೂಟನ್ ಮೀಟರ್. ಬಹಳ ಕಡಿಮೆ ಅನ್ನಿಸುತ್ತದೆ, ಆದರೆ ಅಷ್ಟೇ.

ಲೀಡ್ (ಪ್ಲಗ್‌ಗೆ ಕರೆಂಟ್ ತರುವ ವೈರ್) ತೆಗೆಯುವ ಮುಂಚೆ ಫೋಟೋ ತೆಗೆದುಕೊಳ್ಳಿ, ನಾಲ್ಕಕ್ಕೂ ಟೇಪ್ ಅಂಟಿಸಿ ಹೆಸರು ಬರೆಯಿರಿ. ನನ್ನ ಆರ್‌ಎಕ್ಸ್-7ರಲ್ಲಿ ಎರಡೂ ಲೀಡಿಂಗ್ ಪ್ಲಗ್‌ಗೆ ಒಂದೇ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವುದು), ಒಟ್ಟಿಗೇ ಕಿಡಿ ಬರುತ್ತದೆ, ಆ ಎರಡು ಲೀಡ್ ಅದಲು ಬದಲಾದರೂ ಗಾಡಿಗೆ ಗೊತ್ತಾಗುವುದಿಲ್ಲ. ಆರ್‌ಎಕ್ಸ್-8ರಲ್ಲಿ ನಾಲ್ಕಕ್ಕೂ ಬೇರೆ ಬೇರೆ ಕಾಯಿಲ್. ತಪ್ಪಿದರೆ ಕೆಟ್ಟಿತು.

ಹುಬ್ಬಳ್ಳಿ_ಗ್ಯಾರೇಜ್:

ರೋಟರಿ ಕೈಯಲ್ಲಿ ಮುಟ್ಟಿಲ್ಲ, ಆದರೆ 22 ವರ್ಷ ಪಾನಾ ಹಿಡಿದವನು, ಅದಕ್ಕೇ ಕೇಳುತ್ತೇನೆ. ಒಂದು ರೋಟರ್‌ಗೆ ಎರಡು ಪ್ಲಗ್ ಅಂದರೆ ನಮ್ಮ ಪಲ್ಸರ್ ಡಿಟಿಎಸ್-ಐ ಇದ್ದ ಹಾಗೇ ಅಲ್ವಾ? ಅದರಲ್ಲಿ ಎರಡೂ ಕಡೆ ಒಂದೇ ಪ್ಲಗ್ ಹಾಕುತ್ತೇವೆ. ಇದರಲ್ಲಿ ಯಾಕೆ ಎರಡು ಜಾತಿ? ಇನ್ನೊಂದು, ಅಲ್ಯೂಮಿನಿಯಂ ಅಂತೀರಿ, ಥ್ರೆಡ್‌ಗೆ ಆಂಟಿ ಸೀಜ್ (ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಹಚ್ಚದೇ ಹಾಕಿದರೆ ಮುಂದಿನ ಸಲ ಬಿಚ್ಚುವವನು ಬೈಯುತ್ತಾನೆ. ನಾನಂತೂ ಹಚ್ಚದೇ ಬಿಡೋದಿಲ್ಲ.

ಮೆಲ್ಬರ್ನ್_ಮಲ್ನಾಡ್:

ಅಣ್ಣಾ, ಒಳ್ಳೇ ಪ್ರಶ್ನೆ. ಪಲ್ಸರ್‌ನಲ್ಲಿ ಪಿಸ್ಟನ್ ಮೇಲೆ ಬಂದು ನಿಂತಾಗ ಉರಿಯುವ ಜಾಗ ದುಂಡಗೆ, ಪುಟ್ಟದು. ರೋಟರಿಯಲ್ಲಿ ಆ ಜಾಗ ಉದ್ದಕ್ಕೆ, ತೆಳ್ಳಗೆ, ದೋಸೆ ಮಡಚಿಟ್ಟ ಹಾಗೆ ಇರುತ್ತದೆ, ಸಾಲದ್ದಕ್ಕೆ ಓಡುತ್ತಲೂ ಇರುತ್ತದೆ. ಒಂದೇ ಕಡೆ ಬೆಂಕಿ ಹಚ್ಚಿದರೆ ಇನ್ನೊಂದು ತುದಿ ಹಸಿಯಾಗೇ ಉಳಿಯುತ್ತದೆ. ಮುಖ್ಯ ಕೆಲಸ ಲೀಡಿಂಗ್‌ನದು, ಹಿಂದೆ ಉಳಿದದ್ದನ್ನು ಟ್ರೇಲಿಂಗ್ ಸುಡುತ್ತದೆ.

ರೋಟರ್‌ನ ಮೂರು ಮೂಲೆಗಳಲ್ಲಿ ಏಪೆಕ್ಸ್ ಸೀಲ್ ಇರುತ್ತದೆ, ಅದು ಪ್ಲಗ್ ತೂತಿನ ಮೇಲೇ ಹಾದು ಹೋಗಬೇಕು. ಹಾದು ಹೋಗುವ ಆ ಕ್ಷಣ ತೂತಿನ ಮೂಲಕ ಒತ್ತಡ ಪಕ್ಕದ ಕೋಣೆಗೆ ಸೋರುತ್ತದೆ. ಟ್ರೇಲಿಂಗ್ ಇರುವ ಜಾಗದಲ್ಲಿ ಎರಡು ಕಡೆಯ ಒತ್ತಡದ ವ್ಯತ್ಯಾಸ ಜಾಸ್ತಿ, ಅದಕ್ಕೇ ಅಲ್ಲಿ ತೂತು ಸಣ್ಣದು. ಪ್ಲಗ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿಗೇ ಕಾಣುತ್ತದೆ, ಕೆಳಗಿನದರಲ್ಲಿ ದೊಡ್ಡ ಬಾಯಿ, ಮೇಲಿನದರಲ್ಲಿ ಸಣ್ಣ ಕಿಂಡಿ. ಸೀಲ್ ಉಜ್ಜಿಕೊಂಡು ಹೋಗುವುದರಿಂದ ಪ್ಲಗ್ ಮೂತಿ ಒಳಗೆ ಚಾಚುವಂತೆಯೂ ಇಲ್ಲ. ಪಿಸ್ಟನ್ ಗಾಡಿಯ ಪ್ಲಗ್ ಥ್ರೆಡ್ ಹೊಂದಿತು ಅಂತ ಹಾಕಿದರೆ ಎಂಜಿನ್ ಕಥೆ ಮುಗಿಯಿತು.

ಸವೆಯುವುದೂ ಬೇಗ. ನಿಮ್ಮ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಸಲ ಬೆಂಕಿ. ಇದರಲ್ಲಿ ಪ್ರತಿ ಸುತ್ತಿಗೂ ಒಂದು, 9000ದಲ್ಲಿ ಸೆಕೆಂಡಿಗೆ 150 ಸಲ. ಪ್ಲಗ್ ಇರುವ ಜಾಗದಲ್ಲಿ ಯಾವಾಗಲೂ ಉರಿಯೇ, ತಣ್ಣನೆ ಗಾಳಿ ಎಳೆದುಕೊಳ್ಳುವುದು ಆಚೆ ಬದಿಯಲ್ಲಿ. ಅಮೆರಿಕದಲ್ಲಿ 30,000 ಮೈಲಿಗೆ ಬದಲಿಸಿ ಅಂತ ಮಾಜ್ದಾನೇ ಹೇಳುತ್ತದೆ.

ಆಂಟಿ ಸೀಜ್ ವಿಷಯಕ್ಕೆ ನಾನು ಒಪ್ಪೋದಿಲ್ಲ. ಈ ಪ್ಲಗ್‌ಗಳ ಥ್ರೆಡ್‌ಗೆ ಲೇಪ ಇರುತ್ತದೆ, ಹಚ್ಚಬೇಡಿ ಅಂತ ಎನ್‌ಜಿಕೆಯವರೇ ಹೇಳುತ್ತಾರೆ. ಹಚ್ಚಿದರೆ ಜಾರಿಕೆ ಬಂದು ಅದೇ ಟಾರ್ಕ್‌ನಲ್ಲಿ ಪ್ಲಗ್ ಜಾಸ್ತಿ ಬಿಗಿಯಾಗುತ್ತದೆ.

ಹುಬ್ಬಳ್ಳಿ_ಗ್ಯಾರೇಜ್:

ದೋಸೆ ಲೆಕ್ಕ ತಿಳಿಯಿತು ಅಕ್ಕ. ಆಂಟಿ ಸೀಜ್ ಲೆಕ್ಕ ಮಾತ್ರ ನಾನು ಬಿಡೋದಿಲ್ಲ 😄

ಕುಡ್ಲ_ಕೋವೆಂಟ್ರಿ:

ಮಾರಾಯ್ರೆ, ಪ್ಲಗ್ ಬಗ್ಗೆ ಇಷ್ಟು ಹೇಳಿದಿರಿ, ಕಾಯಿಲ್ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲವಲ್ಲ! ಪಿ0302 ಅಂದರೆ ಹಿಂದಿನ ರೋಟರ್‌ನಲ್ಲಿ ಮಿಸ್‌ಫೈರ್, ಪಿ0301 ಆದರೆ ಮುಂದಿನದು. ಬಿಸಿಯಾದ ಮೇಲೆ ಮಾತ್ರ ಬರುತ್ತದೆ ಅಂದರೆ ನನಗೆ ಮೊದಲ ಅನುಮಾನ ಕಾಯಿಲ್ ಮೇಲೆ. ಈ ಗಾಡಿಯ ಕಾಯಿಲ್ ಪ್ಲಗ್‌ನಷ್ಟೇ ಬೇಗ ಸೋಲುತ್ತದೆ, ಗೊತ್ತಿದ್ದವರು ಕಾಯಿಲ್, ಲೀಡ್, ಪ್ಲಗ್ ಮೂರನ್ನೂ ಒಟ್ಟಿಗೇ ಬದಲಿಸುತ್ತಾರೆ.

ನನ್ನ ಕಥೆ ಕೇಳಿ. ಆನ್‌ಲೈನ್‌ನಲ್ಲಿ ನಾಲ್ಕು ಕಾಯಿಲ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಿಂದ ಹಾಕಿದೆ. ಡಬ್ಬಿ ಕಂಪನಿಯದೇ ಹಾಗಿತ್ತು, ಒಳಗಿದ್ದದ್ದು ಡೂಪ್ಲಿಕೇಟ್. ಮೂರು ತಿಂಗಳಲ್ಲಿ ಒಂದು ಹೋಯಿತು. ಸ್ವಲ್ಪ ಎಳೆಯುತ್ತದೆ ಅಷ್ಟೇ ಅಂತ ಸುಮ್ನೆ ಓಡಿಸಿದೆ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿಯಿತು, ಒಳಗಿನ ಜೇನುಗೂಡು ಕರಗಿ ದಾರಿ ಮುಚ್ಚಿತು. ಕಾಯಿಲ್‌ನಲ್ಲಿ ಉಳಿಸಿದ್ದರ ಹತ್ತು ಪಟ್ಟು ಅಲ್ಲಿ ಕೊಟ್ಟೆ. ಹಾಗಾಗಿ ಡಲ್ಲಾಸ್‌ನವರೇ, ಲೈಟ್ ಮಿನುಗುವಾಗ ಹೈವೇ ಹತ್ತಬೇಡಿ. ಪ್ಲಗ್ ಕೂಡ ನಂಬಿಕೆಯ ಅಂಗಡಿಯಲ್ಲೇ ತಗೊಳ್ಳಿ, ನಕಲಿ ಎನ್‌ಜಿಕೆ ಬೇಕಾದಷ್ಟಿದೆ.

ಮತ್ತೊಂದು. ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಆಹಾ ಆಯಿತು ಅಂತ ಹತ್ತು ಸೆಕೆಂಡಿಗೆ ಆಫ್ ಮಾಡಬೇಡಿ. ತಣ್ಣನೆ ರೋಟರಿಯನ್ನು ಹಾಗೆ ಆಫ್ ಮಾಡಿದರೆ ಒಳಗೆ ಪೆಟ್ರೋಲ್ ತುಂಬಿ ಹೊಸ ಪ್ಲಗ್ ಒದ್ದೆಯಾಗುತ್ತದೆ. ಹಾಗೇನಾದರೂ ಆದರೆ ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ, ಆಗ ಇಂಜೆಕ್ಟರ್ ಪೆಟ್ರೋಲ್ ಬಿಡುವುದಿಲ್ಲ. ಒಂದೇ ಸಮ ಹೊಡೆಯಬೇಡಿ, ಸ್ಟಾರ್ಟರ್‌ಗೂ ಉಸಿರು ಬೇಕು.

ಬ್ಯಾಟರಿ ನೆಗೆಟಿವ್ ತೆಗೆದು ಕೆಲಸ ಮಾಡಿದರೆ ಕೊನೆಗೆ ಒಂದು ತಮಾಷೆ ಉಂಟು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ, 8 ಸೆಕೆಂಡಿನೊಳಗೆ 20 ಸಲ ಬ್ರೇಕ್ ತುಳಿಯಿರಿ. ಆಯಿಲ್ ಪ್ರೆಶರ್ ಮುಳ್ಳು ಒಮ್ಮೆ ಮೇಲೆ ಹೋಗಿ ಇಳಿದರೆ ಕಂಪ್ಯೂಟರ್ ಹಳೇ ನೆನಪು ಅಳಿಸಿತು ಅಂತ ಅರ್ಥ. ಪಕ್ಕದ ಮನೆಯವರು ನೋಡುತ್ತಿದ್ದರೆ ಸ್ವಲ್ಪ ಮುಜುಗರ.

ದಾವಣಗೆರೆ_ಟು_ಡಲ್ಲಾಸ್:

ಮಾಡಿದೆ! ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಬೆಳಿಗ್ಗೆ ಶುರು ಮಾಡಿದವನು ಭಾನುವಾರ ಮಧ್ಯಾಹ್ನ ಕೈ ತೊಳೆದೆ.

ಮೇಲಿನ ಎರಡು ಸಲೀಸಾಗಿ ಬಂದವು. ಕೆಳಗಿನ ಮುಂದಿನದು ಅಲ್ಲಾಡಲಿಲ್ಲ. ಸ್ವಲ್ಪ ಬಲ ಹಾಕಿದೆ, ಕಿರ್ ಅಂತ ಒಂದು ಸದ್ದು ಬಂತು ನೋಡಿ, ಎದೆ ಧಸಕ್ ಅಂತು. ಅಲ್ಲಿಗೆ ನಿಲ್ಲಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಊಟ ಮಾಡಿ ಮಲಗಿದೆ. ಭಾನುವಾರ ಅರ್ಧ ಸುತ್ತು ಬಿಚ್ಚುವುದು, ಕಾಲು ಸುತ್ತು ಬಿಗಿಯುವುದು, ಹೀಗೆ ಆಡಿಸಿ ಆಡಿಸಿ ತೆಗೆದೆ. ಥ್ರೆಡ್ ಉಳಿಯಿತು. ಪೈಪಿನ ಉಪಾಯಕ್ಕೆ ಮೆಲ್ಬರ್ನ್ ಅಕ್ಕನಿಗೆ ದೊಡ್ಡ ನಮಸ್ಕಾರ.

ನಾಲ್ಕನ್ನೂ ಪೇಪರ್ ಮೇಲೆ ಸಾಲಾಗಿ ಇಟ್ಟೆ. ಮೂರು ಬಿಸ್ಕತ್ ಬಣ್ಣ. ಹಿಂದಿನ ಲೀಡಿಂಗ್ ಮಾತ್ರ ಕಪ್ಪು ಮಸಿ, ಒದ್ದೆ, ಮೂಗಿನ ಹತ್ತಿರ ತಂದರೆ ಪೆಟ್ರೋಲ್ ವಾಸನೆ. ಹುಬ್ಬಳ್ಳಿ ಅಣ್ಣ, ಆಂಟಿ ಸೀಜ್ ಹಚ್ಚಲಿಲ್ಲ, ಬೈಯಬೇಡಿ.

ಈಗ ಮಜಾ ಕೇಳಿ. ಫೋಟೋ ತೆಗೆದಿದ್ದೆ, ಟೇಪ್ ಅಂಟಿಸಿದ್ದೆ, ಅದರಂತೆಯೇ ಲೀಡ್ ವಾಪಸ್ ಹಾಕಲು ಹೋದೆ. ಹಿಂದಿನ ಎರಡು ಲೀಡ್ ಯಾಕೋ ಒಂದರ ಮೇಲೊಂದು ಕತ್ತರಿಯ ಹಾಗೆ ದಾಟಿಕೊಂಡಿದ್ದವು. ಅನುಮಾನ ಬಂದು ವರ್ಕ್‌ಶಾಪ್ ಮ್ಯಾನ್ಯುಯಲ್ ಚಿತ್ರ ಇಟ್ಟುಕೊಂಡು ಒಂದೊಂದೇ ವೈರ್ ಹಿಡಿದು ಕಾಯಿಲ್‌ವರೆಗೆ ಹೋದೆ. ಹಿಂದಿನ ರೋಟರ್‌ನ ಲೀಡಿಂಗ್, ಟ್ರೇಲಿಂಗ್ ಅದಲು ಬದಲು! ನನಗಿಂತ ಮುಂಚೆ ಯಾರೋ ಪುಣ್ಯಾತ್ಮರು ಹಾಗೇ ಹಾಕಿದ್ದಾರೆ. ನನ್ನ ಫೋಟೋದಲ್ಲಿ ಆ ತಪ್ಪು ಬಹಳ ಸ್ಪಷ್ಟವಾಗಿ ಬಂದಿದೆ.

ಸರಿ ಮಾಡಿ ಸ್ಟಾರ್ಟ್ ಮಾಡಿದೆ. ನಡುಕ ಮುಕ್ಕಾಲು ಪಾಲು ಹೋಯಿತು. ಗೆದ್ದೆ ಅಂದುಕೊಂಡು ಒಂದು ರೌಂಡ್ ಹೊರಟರೆ, ಬಿಸಿಯಾದ ಮೇಲೆ ಮತ್ತೆ ಲೈಟ್, ಮತ್ತೆ ಪಿ0302.

ಕುಡ್ಲ_ಕೋವೆಂಟ್ರಿ:

ನಾನು ಹೇಳಿದೆನಲ್ಲ! ಯೋಚನೆ ಮಾಡಿ. ಮೊದಲು ಲೀಡಿಂಗ್ ಪ್ಲಗ್‌ಗೆ ಕಿಡಿ ಕೊಡುತ್ತಿದ್ದದ್ದು ಟ್ರೇಲಿಂಗ್ ಕಾಯಿಲ್, ಆ ಪ್ಲಗ್ ಒದ್ದೆ ಇತ್ತು. ಈಗ ಅದೇ ಕಾಯಿಲ್ ಟ್ರೇಲಿಂಗ್‌ಗೆ ಹೋಗಿದೆ, ಅಲ್ಲಿ ಕೆಲಸ ಕಡಿಮೆ, ಅದಕ್ಕೇ ನಡುಕ ಕಡಿಮೆಯಾದದ್ದು. ನಾಲ್ಕೂ ಕಾಯಿಲ್ ಒಂದೇ ಥರದವು. ಅದನ್ನು ಬಿಚ್ಚಿ ಮುಂದಿನ ರೋಟರ್‌ನ ಲೀಡಿಂಗ್ ಜಾಗಕ್ಕೆ ಹಾಕಿ, ಅಲ್ಲಿನದನ್ನು ಇಲ್ಲಿಗೆ ತನ್ನಿ. ಕೋಡ್ ಪಿ0301 ಆದರೆ ಕಳ್ಳ ಸಿಕ್ಕಿದ ಹಾಗೆ. ಮನೆ ಸುತ್ತ ಸ್ವಲ್ಪ ಓಡಿಸಿ ನೋಡಿ, ದೂರ ಬೇಡ.

ದಾವಣಗೆರೆ_ಟು_ಡಲ್ಲಾಸ್:

ಸಂಜೆ ಹಾಗೇ ಮಾಡಿದೆ. ಎರಡು ಬ್ಲಾಕ್ ದಾಟುವಷ್ಟರಲ್ಲಿ ಪಿ0301. ನಾಲ್ಕೂ ಕಾಯಿಲ್ ಆರ್ಡರ್ ಮಾಡಿದ್ದೇನೆ, ಈ ಸಲ ಡೀಲರ್ ಕೌಂಟರ್‌ನಿಂದಲೇ. ಬರುವವರೆಗೆ ಗಾಡಿ ಹೊರಗೆ ತೆಗೆಯೋದಿಲ್ಲ.

ಮೆಲ್ಬರ್ನ್_ಮಲ್ನಾಡ್:

ಒಳ್ಳೆಯದಾಯಿತು. ಫೋಟೋ ತೆಗೆಯಿರಿ ಅಂದವಳು ನಾನೇ, ಕ್ಷಮಿಸಿ 🙂 ಕಾಯಿಲ್ ಹಾಕಿದ ಮೇಲೆ ಒಂದು ಕಂಪ್ರೆಶನ್ ಟೆಸ್ಟ್ (ಎಂಜಿನ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ನೋಡುವುದು) ಮಾಡಿಸಿ. ಸಾಮಾನ್ಯ ಗೇಜ್ ಬೇಡ, ಅದು ರೋಟರ್‌ನ ಮೂರು ಮುಖದಲ್ಲಿ ಜಾಸ್ತಿ ಇರುವುದನ್ನು ಮಾತ್ರ ತೋರಿಸುತ್ತದೆ. ಮೂರನ್ನೂ ಬೇರೆ ಬೇರೆ ತೋರಿಸುವ ರೋಟರಿ ಟೆಸ್ಟರ್ ಇರುವವರ ಹತ್ತಿರ ಹೋಗಿ. ಸೆಲ್ಫ್‌ನಲ್ಲಿ 250 ಆರ್‌ಪಿಎಂಗೆ ಲೆಕ್ಕ ಹಾಕಿದಾಗ ಒಂದೊಂದು ಮುಖವೂ 680 ಕೆಪಿಎಗಿಂತ ಮೇಲಿರಬೇಕು.

ದಾವಣಗೆರೆ_ಟು_ಡಲ್ಲಾಸ್:

ಆಯಿತು ಅಕ್ಕ, ಫೋರ್ಟ್ ವರ್ತ್ ಕಡೆ ಒಬ್ಬರ ಹತ್ತಿರ ಟೆಸ್ಟರ್ ಇದೆಯಂತೆ. ಆರೂ ಅಂಕಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ. 680 ದಾಟದಿದ್ದರೆ ಹೆಂಡತಿಗೆ ತೋರಿಸುವ ಮುಂಚೆ ನಿಮಗೆ ತೋರಿಸುತ್ತೇನೆ.