ಡಾಕ್ಟರನ್ನು ಕೇಳಿ: ಕೂಡಿಟ್ಟು ಸಾಕುವ ಕೋತಿಗಳ ಮರಿಗಳು

ಹೊಸ ಪಾಲಕ: ರೀಸಸ್ ಕೋತಿ ನಿನ್ನೆ ಮರಿ ಹಾಕಿದೆ, ಚೊಚ್ಚಲು. ತಾಯಿಯನ್ನು ಚಿಕ್ಕಂದಿನಲ್ಲಿ ಒಂಟಿಯಾಗಿ, ಬಾಟಲಿ ಹಾಲಲ್ಲಿ ಬೆಳೆಸಿದ್ದರಂತೆ. ಮರಿಯನ್ನು ತಲೆಕೆಳಗಾಗಿ ಹಿಡಿಯುತ್ತದೆ. ಹಾಲು ಕುಡಿದದ್ದು ನೋಡಿಲ್ಲ. ಎತ್ತಿಕೊಳ್ಳಲಾ?

ಡಾಕ್ಟರ್: ಅವಸರ ಬೇಡ. ಮರಿ ತಾಯಿಯ ರೋಮವನ್ನು ಗಟ್ಟಿಯಾಗಿ ಹಿಡಿದಿದೆಯಾ? ಮೊಲೆ ಹುಡುಕುತ್ತಿದೆಯಾ? ಹೌದು ಅಂದ್ರೆ ಇನ್ನೂ ಸ್ವಲ್ಪ ಹೊತ್ತು ಕಾಯಬಹುದು. ನನಗೆ ಚಿಂತೆ ಆ ಒಂಟಿ ಬಾಲ್ಯದ್ದು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ಅವರ ಪ್ರಯೋಗದಲ್ಲಿ ಹೀಗೆ ಬೆಳೆದ ಹೆಣ್ಣುಗಳಲ್ಲಿ ಕೆಲವು ಮರಿಯನ್ನು ಕಡೆಗಣಿಸಿದವು, ಕೆಲವು ಕೊಂದೇ ಬಿಟ್ಟವು. ಆದರೆ ಮೊದಲ ಮರಿಯ ಒಡನಾಟ ಸಿಕ್ಕವು ಎರಡನೆಯದನ್ನು ಎಷ್ಟೋ ವಾಸಿ ನೋಡಿಕೊಂಡವು. ಹಾಗಾಗಿ ದೂರದಿಂದ ಗಮನಿಸಿ. ನೆಲಕ್ಕೆಳೆದರೆ, ಕಚ್ಚಿದರೆ, ಮರಿಯ ಹಿಡಿತ ಸಡಿಲವಾದರೆ, ಮೈ ತಣ್ಣಗಾದರೆ ಆ ಕ್ಷಣವೇ ಎತ್ತಿ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗಲ್ಲ. ಕುಡಿಸುವಾಗ ಮರಿ ಟವೆಲ್ ಹಿಡಿದುಕೊಂಡು ಬೋರಲಾಗಿರಲಿ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಗುಂಪಿನ ಸದಸ್ಯ: ಹಸುವಿನ ಹಾಲು ನಡೆಯುತ್ತಾ?

ಡಾಕ್ಟರ್: ಇಲ್ಲ. ಶಿಶುಗಳ ಫಾರ್ಮುಲಾ ಪುಡಿ.

ಇನ್ನೊಬ್ಬರು: ನನ್ನ ಮಾರ್ಮೊಸೆಟ್ (ದಕ್ಷಿಣ ಅಮೆರಿಕದ ಪುಟ್ಟ ಕೋತಿ) ಮೂರು ಮರಿ ಹಾಕಿದೆ, ಒಂದು ಸಣ್ಣದು. ಏನು ಮಾಡಲಿ?

ಫಾರ್ವರ್ಡ್ ಪ್ರಿಯ: ಹುಟ್ಟಿದ ತಕ್ಷಣ ಜೇನು ನೆಕ್ಕಿಸಿದರೆ ಮರಿ ಸಾಯಲ್ಲ ಅಂತ ಬಂದಿದೆ!

ಡಾಕ್ಟರ್: ಅದನ್ನು ಕಳಿಸಿದವರು ಎಷ್ಟು ಮರಿ ಉಳಿಸಿದ್ದಾರೆ ಕೇಳಿ. ನವಜಾತ ಮರಿಗೆ ಜೇನು ಬೇಡ. ಈ ಗುಂಪಿನಲ್ಲಿ ಇದು ಮೂರನೇ ಸಲ.

ಹಳೆ ಪಾಲಕ: ಸುಮ್ನೆ ಕಾಯಿಸಿ ಮರಿ ಕೊಲ್ಲಬೇಡಿ. ನಾನು ಯಾವಾಗಲೂ ಎತ್ತಿಬಿಡುತ್ತೇನೆ.

ಹೊಸ ಪಾಲಕ: ಎತ್ತಿದ ಮರಿಯನ್ನು ಮತ್ತೆ ಕೋತಿಗಳ ಗುಂಪಿಗೆ ಸೇರಿಸಿದ್ದೀರಾ?

ಹಳೆ ಪಾಲಕ: ಅದು ಬೇರೆ ವಿಷಯ.

ಗುಂಪಿನ ಸದಸ್ಯ: ಅದೇ ವಿಷಯ ರೀ! ಇವತ್ತು ಒಂಟಿ ಮರಿ, ನಾಳೆ ಅದೂ ತಾಯಿಯಾಗಬೇಕಲ್ವಾ?

ಹಳೆ ಪಾಲಕ: ನಿಮ್ಮ ಪಾಠ ನನಗೆ ಬೇಡ.

ಡಾಕ್ಟರ್: ಜಗಳ ಬೇರೆ ಕಡೆ. ಎತ್ತಿದರೂ ತಾಯಿಗೆ ಕಾಣುವಂತಿಡಿ, ಮರಿ ಚೇತರಿಸಿಕೊಂಡ ಮೇಲೆ ಮರಳಿ ಕೊಟ್ಟು ನೋಡಿ. ಕೈಗವಸು ಹಾಕಿ. ರೀಸಸ್ ಕಚ್ಚಿದರೆ, ಪರಚಿದರೆ ಸೋಪು ನೀರಲ್ಲಿ 15 ನಿಮಿಷ ಚೆನ್ನಾಗಿ ಉಜ್ಜಿ ತೊಳೆದು ಆಸ್ಪತ್ರೆಗೆ ಹೋಗಿ. ಈ ಕೋತಿಗಳಲ್ಲಿರುವ ಬಿ ವೈರಸ್ ಎಂಬ ಹರ್ಪಿಸ್ ಜಾತಿಯ ವೈರಸ್ ಮನುಷ್ಯರ ಜೀವ ತೆಗೆಯುತ್ತದೆ. ತುಟಿಯಲ್ಲಿ ಹರ್ಪಿಸ್ ಗುಳ್ಳೆ ಇರುವವರು ಮಾರ್ಮೊಸೆಟ್ ಹತ್ತಿರ ಸುಳಿಯಬೇಡಿ, ಅದು ಅವಕ್ಕೆ ಸಾವು.

ಫಾರ್ವರ್ಡ್ ಪ್ರಿಯ: ಹಾಗಾದರೆ ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಬಹುದಾ?

ಡಾಕ್ಟರ್: ಮೇಲೆ ಓದಿ.

ಹೊಸ ಪಾಲಕ: ಡಾಕ್ಟರೇ, ಈಗ ನೆಟ್ಟಗೆ ಹಿಡಿದಿದೆ. ಮೊಲೆ ಬಾಯಲ್ಲಿದೆ.

ಡಾಕ್ಟರ್: ಹತ್ತಿರ ಹೋಗಬೇಡಿ. ಗಂಟಲು ನುಂಗುವುದು ಕಾಣುತ್ತಾ ನೋಡಿ ಹೇಳಿ.

ಇನ್ನೊಬ್ಬರು: ನನ್ನ ಮೂರು ಮರಿಗಳ ಪ್ರಶ್ನೆ?