ಹಾವೇರಿಯ ವಸುಂಧರಾ ಫಿಲಿಯೋಜಾ ಅವರನ್ನು ಮಕ್ಕಳಿಗೆ ಹೇಗೆ ಪರಿಚಯಿಸಲಿ?

ಹಾವೇರಿಯ ಶಿಕ್ಷಕಿ:
ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮೊನ್ನೆ, "ಟೀಚರ್, ಇತಿಹಾಸ ಬರೆದವರಲ್ಲಿ ಹೆಂಗಸರೇ ಇಲ್ಲವೇ?" ಎಂದು ಕೇಳಿದಳು. ನಮ್ಮ ಊರಿನವರೇ ಆದ ಇತಿಹಾಸಕಾರ್ತಿ ವಸುಂಧರಾ ಫಿಲಿಯೋಜಾ ನೆನಪಾದರು. ಧಾರವಾಡದಲ್ಲಿ ಓದಿದರು, ಪ್ಯಾರಿಸ್‌ಗೆ ಹೋಗಿ ಡಾಕ್ಟರೇಟ್ ಪಡೆದರು ಎಂದು ಹೇಳಿದೆ. ಮಕ್ಕಳು ತಲೆಯಾಡಿಸಿ ಸುಮ್ಮನಾದರು. ಅವರು ಮಾಡಿದ ಕೆಲಸ ಎಂಥದು ಎಂಬುದನ್ನು ಮನಸ್ಸಿಗೆ ಹತ್ತುವಂತೆ ಹೇಳುವುದು ಹೇಗೆ?

ನಿವೃತ್ತ ಉಪನ್ಯಾಸಕ:
ಮೇಡಂ, ಪದವಿಗಳನ್ನು ಬದಿಗಿಟ್ಟು ಕಲ್ಲಿನಿಂದ ಶುರು ಮಾಡಿ. ವಿಜಯನಗರದ ಆರಂಭದಿಂದ 1377ರವರೆಗಿನ ಶಾಸನಗಳೇ ಅವರ ಪ್ರಬಂಧದ ವಸ್ತು. ಅದು 1973ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. 1377 ಎಂದರೆ ವಿಜಯನಗರದ ದೊರೆ ಬುಕ್ಕರಾಯ ತೀರಿಕೊಂಡ ವರ್ಷ. ಆ ಸಾಮ್ರಾಜ್ಯದ ಹುಟ್ಟಿನ ಬಗ್ಗೆ ಮೊಲ ನಾಯಿಯನ್ನು ಅಟ್ಟಿದ ಕಥೆ ಎಲ್ಲರ ಬಾಯಲ್ಲೂ ಇದೆ. ಆದರೆ ಆ ಕಾಲದವರೇ ಕೊರೆಸಿದ ಮಾತು ಏನು ಹೇಳುತ್ತದೆ ಎಂದು ಸಾಲು ಸಾಲಾಗಿ ಓದಿ ನೋಡುವುದು ಬೇರೆಯದೇ ಬಗೆಯ ದುಡಿಮೆ.

ಆ ಅವಧಿಯದೇ ಒಂದು ಶಾಸನವನ್ನು ತರಗತಿಯಲ್ಲಿ ಓದಿಸಿ: 1368ರ ಶ್ರವಣಬೆಳಗೊಳದ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಗಳಿಗೂ, ಅಂದರೆ ಮತಗಳಿಗೂ, ಭೇದವಿಲ್ಲವೆಂದ. ಜೈನರು ಮನೆಗೆ ವರ್ಷಕ್ಕೊಂದು ಹಣ (ಆ ಕಾಲದ ನಾಣ್ಯ) ಕೊಡಬೇಕು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿಗರನ್ನು ಇಡಬೇಕು ಎಂದೂ ಅದರಲ್ಲಿದೆ. ಕೈ ಹಿಡಿಸಿದ ಆ ಗಳಿಗೆ ಮಕ್ಕಳ ಕಣ್ಣಿಗೆ ಕಟ್ಟುತ್ತದೆ, ನಾನು ಕಂಡಿದ್ದೇನೆ.

ಪಡಿಯಚ್ಚು, ಅಂದರೆ ಶಾಸನದ ಅಕ್ಷರಗಳ ನಕಲನ್ನು ಕಾಗದದ ಮೇಲೆ ತೆಗೆಯುವುದನ್ನೂ ವಿವರಿಸಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕುಂಚದಿಂದ ಬಡಿಯಬೇಕು. ಕಾಗದ ಅಕ್ಷರದ ಗುಳಿಗಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ನನ್ನ ಮೊದಲ ಪಡಿಯಚ್ಚಿನಲ್ಲಿ ‘ಸ್ವಸ್ತಿ’ ಎಂಬ ಪದ ಕಂಡಾಗ ಕೈ ನಡುಗಿತ್ತು.

ಮೈಸೂರಿನ ಓದುಗಾರ್ತಿ:
ವಸುಂಧರಾ ಅವರ ‘ಅಳಿದುಳಿದ ಹಂಪೆ’ ಪುಸ್ತಕವನ್ನು ಮರೆಯಬೇಡಿ. ಫ್ರೆಂಚ್ ವಿದ್ವಾಂಸರಿಗಾಗಿ ಬರೆದವರು ಹಂಪೆಯನ್ನು ಕನ್ನಡದಲ್ಲೂ ಬರೆದು ನಮ್ಮ ಕೈಗೆ ಕೊಟ್ಟರು. ನನಗೆ ಅದೇ ಅತಿ ದೊಡ್ಡ ಉಪಕಾರ. ಪತಿ ಪಿಯೆರ್ ಸಿಲ್ವಾಂ ಫಿಲಿಯೋಜಾ ಸಂಸ್ಕೃತ ವಿದ್ವಾಂಸರು. ಇಬ್ಬರೂ ಸೇರಿ ಹಂಪೆಯ ವಿಠ್ಠಲ ದೇವಾಲಯದ ಬಗ್ಗೆ ಬರೆದ ಗ್ರಂಥ 1988ರಲ್ಲಿ ಬಂತು. ಧಾರವಾಡ ಸೀಮೆಯ ಕಾಳಾಮುಖ, ಪಾಶುಪತ ಎಂಬ ಶೈವ ಪಂಥಗಳ ಗುಡಿಗಳ ಮೇಲೂ ಅವರು ಕೆಲಸ ಮಾಡಿದ್ದಾರೆ.

ಹಾವೇರಿಯ ಶಿಕ್ಷಕಿ:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ದೂರ ಹೋಗುವುದೇ ಬೇಡ. ಪುರಸಿದ್ಧೇಶ್ವರ ಗುಡಿ ಶಾಲೆಯಿಂದ ನಡೆಯುವ ದೂರದಲ್ಲಿದೆ. ಅಲ್ಲಿ ಮಕ್ಕಳಿಂದ ಪಡಿಯಚ್ಚು ತೆಗೆಸಬಹುದೇ, ಸರ್?

ನಿವೃತ್ತ ಉಪನ್ಯಾಸಕ:
ಅಪ್ಪಣೆಯಿಲ್ಲದೆ ಬೇಡ ಮೇಡಂ, ಅದು ರಕ್ಷಿತ ಸ್ಮಾರಕ. ಸಂಜೆ ಐದರ ಹೊತ್ತಿಗೆ ಕರೆದೊಯ್ಯಿರಿ. ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬಿದ್ದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಆ ಪ್ರಶ್ನೆ ಕೇಳಿದ ಹುಡುಗಿಯನ್ನು ಮುಂದೆ ನಿಲ್ಲಿಸಿ, ಮೊದಲ ಸಾಲನ್ನು ಅವಳಿಂದಲೇ ಓದಿಸಿ.