ಅಪ್‌ಡೇಟ್: ನನ್ನ ಸಿರಿಂಜ್ ಜೆಸಿಬಿಯ ಕೈ ಕೊನೆಗೂ ಮೇಲೆದ್ದಿತು!

ಹೋದ ವಾರ ಕೇಳಿದ್ದೆನಲ್ಲ, ಒಂಬತ್ತನೇ ಕ್ಲಾಸಿನ ವಿಜ್ಞಾನ ಪ್ರಾಜೆಕ್ಟಿಗೆ ರಟ್ಟು, ಸಿರಿಂಜ್, ಪೈಪಿನಿಂದ ಮಾಡಿದ ಜೆಸಿಬಿಯ ಕೈ ಯಾಕೆ ಮೇಲೇಳುತ್ತಿಲ್ಲ ಅಂತ? ನೀವು ಹೇಳಿದ್ದೇ ಸರಿ. ನೀರು ತುಂಬಿದ ಪೈಪಿನೊಳಗೆ ಗಾಳಿ ಸೇರಿಕೊಂಡಿತ್ತು. ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಹಾಗೆ ಕುಗ್ಗುವುದಿಲ್ಲ. ನಾನು ಒತ್ತಿದ್ದೆಲ್ಲ ಸುಮ್ನೆ ಗಾಳಿ ಕುಗ್ಗಿಸುವುದಕ್ಕೇ ಹೋಗುತ್ತಿತ್ತು.

ಈ ಸಲ ಪೈಪು, ಸಿರಿಂಜ್ ಎರಡನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿಯೇ ಜೋಡಿಸಿದೆ. ಗುಳ್ಳೆ ಮಾಯ! ಚೆನ್ನಾಗಿ ಕಾಣಲಿ ಅಂತ ನೀರಿಗೆ ನೀಲಿ ಶಾಯಿ ಹಾಕಿದ್ದೆ. ಅಮ್ಮನ ಬಕೆಟ್ ಈಗಲೂ ನೀಲಿ, ಬೈಗುಳ ಇನ್ನೂ ಮುಗಿದಿಲ್ಲ.

ಮೊದಲು ನಾನು ಒತ್ತುವ ಕಡೆ, ಜೆಸಿಬಿಯ ಕೈ ಎತ್ತುವ ಕಡೆ, ಎರಡಕ್ಕೂ 5 ಎಂಎಲ್ ಸಿರಿಂಜ್ ಇತ್ತು. ಎತ್ತುವ ಕಡೆ 10 ಎಂಎಲ್‌ನದು ಹಾಕಿದೆ. ಈಗ ಕೈ ಏಳುವುದು ಸ್ವಲ್ಪವೇ, ಆದರೆ ಬಲ ಜಾಸ್ತಿ. ಜಾಮಿಟ್ರಿ ಬಾಕ್ಸನ್ನೇ ಎತ್ತಿಬಿಟ್ಟಿತು! ಮುಚ್ಚಿದ ಪೈಪಿನ ನೀರನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹರಡುತ್ತದೆ ಅನ್ನುವ ಪ್ಯಾಸ್ಕಲ್ ನಿಯಮ ಪುಸ್ತಕದಲ್ಲಿ ಓದಿದಾಗ ತಲೆಗೆ ಹೋಗಿರಲಿಲ್ಲ. ಕಾರಿನ ಬ್ರೇಕ್ ಕೂಡ ಇದೇ ತತ್ವದ ಮೇಲೆ ನಡೆಯುತ್ತದೆ ಎಂದು ಮೇಷ್ಟ್ರು ಹೇಳಿದರು.

ಪ್ರಾಜೆಕ್ಟಿಗೋಸ್ಕರ ಖೋ ಖೋ ಬಿಡಬೇಕಾ ಅಂತಲೂ ಕೇಳಿದ್ದೆ. ಬಿಡಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನಮ್ಮ ಗಂಡಸರು, ಹೆಂಗಸರು ಎರಡೂ ತಂಡ ಗೆದ್ದಿದ್ದಾರೆ. ಅಂಥ ಆಟ ಬಿಡೋಕಾಗುತ್ತಾ? ಮೊಬೈಲ್ ಗೇಮ್ ಮಾತ್ರ ಭಾನುವಾರಕ್ಕೆ ಇಳಿಸಿದೆ. ಕಷ್ಟವೇ.

ದಸರಾ ರಜೆಗೆ ಮೈಸೂರಿಗೆ ಹೋಗೋಣ ಅಂತ ಅಪ್ಪನನ್ನು ಕಾಡುತ್ತಿದ್ದೇನೆ. ಅರಮನೆಯ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುವುದನ್ನು ಟಿವಿಯಲ್ಲಷ್ಟೇ ನೋಡಿದ್ದೇನೆ. 'ನೋಡೋಣ' ಅಂದಿದ್ದಾರೆ. ನಮ್ಮನೆಯಲ್ಲಿ 'ನೋಡೋಣ' ಅಂದರೆ ಅರ್ಧ ಒಪ್ಪಿಗೆ.